ಪ್ರೂಫ್ ಕಾಕಾ ಮತ್ತು ಪಾಟಿ

ಅವರು ತೀರಿಕೊಂಡ ಸುದ್ದಿ ನನಗೆ ಪ್ರೂಫಿನ ರೂಪದಲ್ಲೇ ಬಂತು. ಚಿಕ್ಕೋಡಿಯ ಬಸ್‌ಸ್ಟ್ಯಾಂಡಿನ ಹಿಂದೆ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಅಲ್ಲಿ ಕೂತು ಯಾವುದೋ ಸಂಘದ ವರದಿ ಜೋಡಿಸುತ್ತಿದ್ದಾಗ ಅವರ ಮಗಳು ಮಿರಜಿನಿಂದ ಫೋನಿಗೆ ಒಂದು ಒಕ್ಕಣೆ ಕಳಿಸಿದಳು. ಹದಿಮೂರನೆಯ ದಿನದ ಕಾರ್ಡು. ಕೆಳಗೆ, "ಅಕ್ಕಾ, ಅಪ್ಪ ಹೋದ್ರು. ಮೂರ ದಿನ ಆತು. ನಿಮಗ ಹೇಳಾಕ ಬಾಯಿ ಬರಲಿಲ್ಲ. ಇದನ್ನ ನೀವ ನೋಡಿ ಮಾಡ್ರಿ" ಎಂದಿತ್ತು. ನಾನು ಮೊದಲು ಅತ್ತೆ. ಆಮೇಲೆ ಕಣ್ಣೊರೆಸಿಕೊಂಡು ಒಕ್ಕಣೆ ಓದಿದೆ. ಎಂಟು ಸಾಲಿನಲ್ಲಿ ಮೂರು ತಪ್ಪು. ಅಳುತ್ತಿದ್ದವಳು ನಕ್ಕುಬಿಟ್ಟೆ. ಅವರಿದ್ದಿದ್ದರೆ, "ಸತ್ತ ಮ್ಯಾಲೂ ನನಗ ಕೆಲಸ ಹಚ್ಚೀರಲ್ಲ" ಅನ್ನುತ್ತಿದ್ದರು.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಮೂವತ್ತು ವರ್ಷ ನಿಪ್ಪಾಣಿಯ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದಿದವರು ಒಂದು ಪುಸ್ತಕದಲ್ಲೂ ತಮ್ಮ ಹೆಸರು ಹಾಕಿಸಿಕೊಳ್ಳಲಿಲ್ಲ. ಯಾರಾದರೂ ಲೇಖಕರು ಒತ್ತಾಯ ಮಾಡಿದರೆ, "ಬ್ಯಾಡ್ರಿ, ಬೈಯಾವ್ರಿಗೆ ವಿಳಾಸ ಕೊಟ್ಟಂಗ ಆಕ್ಕೈತಿ" ಎಂದು ಜಾರಿಕೊಳ್ಳುತ್ತಿದ್ದರು. ಪ್ರೆಸ್ಸಿನಲ್ಲಿ, ಪೇಟೆಯಲ್ಲಿ, ನಮ್ಮ ಬಸ್ಸಿನಲ್ಲಿ ಎಲ್ಲರಿಗೂ ಅವರು ಪ್ರೂಫ್ ಕಾಕಾ.

ಮದುವೆಗೆ ಹೋದ ಉಳಿದವರು ಊಟದ ಸಾಲು ಎಲ್ಲಿದೆ ಎಂದು ನೋಡಿದರೆ ಇವರು ಜೇಬಿನಿಂದ ಲಗ್ನಪತ್ರಿಕೆ ತೆಗೆದು ಪೆನ್ಸಿಲ್ ಹುಡುಕುತ್ತಿದ್ದರು. ಅಕ್ಷತೆ ಬೀಳುವ ಹೊತ್ತಿಗೆ ಪತ್ರಿಕೆಯ ಅಂಚಿನ ತುಂಬ ಗುರುತು. ಒಮ್ಮೆ ರಾಯಬಾಗದ ಒಂದು ಮದುವೆಯಲ್ಲಿ ಆ ತಿದ್ದಿದ ಪತ್ರಿಕೆಯನ್ನು ವರನ ಅಪ್ಪನ ಕೈಗೇ ಕೊಟ್ಟು, "ಎರಡನೇ ಮಗನ ಲಗ್ನಕ್ಕ ಉಪಯೋಗ ಆದೀತು, ಇಟ್ಕೋರಿ" ಎಂದಿದ್ದರು. ಅವರ ಹೆಂಡತಿ, ನಮ್ಮೆಲ್ಲರ ಕಾಕು, ಅಂದಿನಿಂದ ಮದುವೆಗೆ ಹೊರಡುವ ಮೊದಲು ಗಂಡನ ಜೇಬು ತಪಾಸಣೆ ಮಾಡುತ್ತಿದ್ದಳು. ಪೆನ್ಸಿಲ್ಲು ಕಾಲುಚೀಲದಲ್ಲಿ ಇರುತ್ತಿತ್ತು.

ನಾನು ಮುಗಳಖೋಡದವಳು. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಕಂಪ್ಯೂಟರ್ ಕ್ಲಾಸು ಮುಗಿಸಿ, ಚಿಕ್ಕೋಡಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಆ ಪ್ರೆಸ್ಸಿಗೆ ಸೇರಿದೆ. ಕಾಕಾ ಕೂಡ ಚಿಕ್ಕೋಡಿಯಿಂದಲೇ ದಿನಾ ಹೋಗಿಬರುತ್ತಿದ್ದರು. ನಿಪ್ಪಾಣಿ ಎಂದರೆ ತಂಬಾಕಿನ ಊರು; ಪ್ರೆಸ್ಸಿನಲ್ಲಿ ಹೆಚ್ಚಿನ ಕೆಲಸ ಬೀಡಿ ಕಟ್ಟಿನ ಲೇಬಲ್ಲು, ಲಗ್ನಪತ್ರಿಕೆ, ಒಂದು ಮಗ್ಗುಲು ಕನ್ನಡ ಇನ್ನೊಂದು ಮಗ್ಗುಲು ಮರಾಠಿ ಇರುವ ಕರಪತ್ರ. ನಡುನಡುವೆ ಯಾರಾದರೂ ಪುಸ್ತಕ ಅಚ್ಚು ಹಾಕಿಸಲು ಬಂದರೆ ಕಾಕಾನ ಮುಖ ಅರಳುತ್ತಿತ್ತು. ಅವರ ಹತ್ತಿರ ಎರಡು ಪೆನ್ಸಿಲ್ಲು, ಕನ್ನಡಕ್ಕೆ ಕೆಂಪು, ಮರಾಠಿಗೆ ನೀಲಿ. ಕನ್ನಡದವರು ಇವರನ್ನು ಮರಾಠಿ ಮನುಷ್ಯ ಅನ್ನುತ್ತಿದ್ದರು, ಮರಾಠಿಯವರು ಕನ್ನಡದವ ಅನ್ನುತ್ತಿದ್ದರು. ಗಡಿಯ ಗಲಾಟೆ ಎದ್ದಾಗ ಎರಡೂ ಕಡೆಯವರ ಕರಪತ್ರ ಅದೇ ಟೇಬಲ್ಲಿಗೆ ಬರುತ್ತಿತ್ತು. ಇವರು ಎರಡನ್ನೂ ಅಷ್ಟೇ ಶ್ರದ್ಧೆಯಿಂದ ತಿದ್ದಿ ಕಳಿಸುತ್ತಿದ್ದರು. "ಒತ್ತಕ್ಷರಕ್ಕ ಪಾರ್ಟಿ ಇರೂದಿಲ್ಲವಾ" ಎಂಬುದು ಅವರ ನಿಲುವು.

ಅವರ ಕೆಲಸದ ರೀತಿಯೇ ಬೇರೆ. ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದದಲ್ಲಿ ಒಂದೇ ಸಾಲು ಕಾಣುವಷ್ಟು ಉದ್ದದ ಕಿಂಡಿ ಕತ್ತರಿಸಿ ಇಟ್ಟುಕೊಂಡಿದ್ದರು. ಆ ಕಿಂಡಿಯನ್ನು ಹಾಳೆಯ ಮೇಲಿಟ್ಟು ಒಂದೊಂದೇ ಸಾಲು ಕೆಳಗೆ ಸರಿಸುತ್ತ ಹೋಗುವರು. ಮೇಲಿನ ಸಾಲೂ ಕಾಣಬಾರದು, ಕೆಳಗಿನ ಸಾಲೂ ಕಾಣಬಾರದು. ಕಥೆಯ ರುಚಿ ಹತ್ತಿದರೆ ಕಣ್ಣು ಅಕ್ಷರ ಬಿಟ್ಟು ಓಡುತ್ತದೆ ಎಂಬುದು ಅವರ ವಾದ. "ಅರ್ಥ ಬರದಾಂವ ನೋಡ್ಕೋತಾನ. ನಾ ನೋಡೂದು ಅಕ್ಷರ" ಎಂದು ಹೊಸಬಳಾದ ನನಗೆ ಮೊದಲ ದಿನವೇ ಪಾಠ ಹೇಳಿದ್ದರು. ನಾನು ತಲೆ ಅಲ್ಲಾಡಿಸಿದೆ. ಆ ಮಾತಿನಲ್ಲಿ ಒಂದು ಗುಂಡಿ ಇದೆ ಎಂದು ಆಗ ಇಬ್ಬರಿಗೂ ತಿಳಿದಿರಲಿಲ್ಲ.

ಮನೆಯಲ್ಲಿ ಎರಡು ಖೋಲಿ ತುಂಬ ಪುಸ್ತಕ. ಎಲ್ಲಕ್ಕೂ ಪ್ರೆಸ್ಸಿನ ಕೆಟ್ಟ ಹಾಳೆಗಳ ಹೊದಿಕೆ. ಕಪಾಟಿನ ಮುಂದೆ ನಿಂತರೆ ಬೀಡಿ ಲೇಬಲ್ಲಿನ ಹುಲಿ, ಗಿಳಿ, ಅರ್ಧ ಕತ್ತರಿಸಿದ ವಧೂವರರ ಹೆಸರು ಕಾಣುತ್ತಿದ್ದವು. ಯಾವ ಹುಲಿಯ ಒಳಗೆ ಯಾವ ಕಾದಂಬರಿ ಇದೆ ಎಂಬುದು ಅವರೊಬ್ಬರಿಗೇ ಗೊತ್ತು. ಕೇಳಿದವರಿಗೆಲ್ಲ ಕೊಡುತ್ತಿದ್ದರು, ಒಂದು ಶರತ್ತಿನ ಮೇಲೆ. ತಿರುಗಿ ಕೊಡುವಾಗ ಅಚ್ಚಿನ ತಪ್ಪು ತೋರಿಸಬೇಕು.

"ಎಷ್ಟು ಸಿಕ್ಕುವು?"

"ಒಂದೂ ಇಲ್ರಿ ಕಾಕಾ."

"ಹಂಗಾರ ನೀ ಓದಿಲ್ಲ. ಒಯ್ಯಿ, ಓದಿ ತಾ."

ನಾನು ಮೂರು ಸಲ ಹೀಗೆ ಸಿಕ್ಕಿಬಿದ್ದಿದ್ದೇನೆ. ನಾಲ್ಕನೆಯ ಸಲದಿಂದ ಓದುವ ಮೊದಲೇ ಎರಡು ತಪ್ಪು ಹುಡುಕಿ ಇಟ್ಟುಕೊಂಡು ಆಮೇಲೆ ನಿಶ್ಚಿಂತೆಯಿಂದ ಓದುತ್ತಿದ್ದೆ.

ಇಷ್ಟು ಗಟ್ಟಿ ಮನುಷ್ಯನಿಗೆ ಒಂದೇ ಒಂದು ಗಾಯವಿತ್ತು. ಅದರಲ್ಲಿ ನನ್ನ ಕೈಯೂ ಇತ್ತು, ಆದ್ದರಿಂದ ಅದನ್ನು ನಾನೇ ಹೇಳಬೇಕು.

ಐನಾಪುರದಲ್ಲಿ ಒಬ್ಬ ಮಾಸ್ತರರಿದ್ದರು. ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಮೂಲ ನಿಪ್ಪಾಣಿಯ ಕಡೆಯ ಬೌದ್ಧ ಮನೆತನ. ಮನೆಮಾತು ಮರಾಠಿ, ಶಾಲೆ ಕಲಿತದ್ದು ಕನ್ನಡ. ಅವರು ಹುಟ್ಟಿದ ವರ್ಷವೇ ತಾಯಿ ತೀರಿಕೊಂಡಳಂತೆ. ಸಾಕಿದವಳು ಅಕ್ಕ. ಬೀಡಿ ಕಟ್ಟಿ ತಮ್ಮನನ್ನು ಓದಿಸಿ, ಅವನಿಗೆ ನೌಕರಿ ಸಿಕ್ಕಮೇಲೆ ಅವನ ಜೊತೆಯಲ್ಲೇ ಐನಾಪುರಕ್ಕೆ ಬಂದು ಇದ್ದವಳು. ನಮ್ಮ ಕಡೆ ಮರಾಠಿ ಮನೆಗಳಲ್ಲಿ ಅಕ್ಕನಿಗೆ 'ತಾಈ' ಅನ್ನುತ್ತಾರೆ. ಮಾಸ್ತರರು ತಮ್ಮ ಬಾಲ್ಯದ ನೆನಪುಗಳನ್ನು ಕನ್ನಡದಲ್ಲಿ ಬರೆದು ಐದುನೂರು ಪ್ರತಿ ಅಚ್ಚು ಹಾಕಿಸಲು ನಮ್ಮ ಪ್ರೆಸ್ಸಿಗೆ ತಂದರು. ಇಡೀ ಪುಸ್ತಕ ಮುಗಿದು ಯಂತ್ರಕ್ಕೆ ಹೋಗುವ ದಿನ ಅರ್ಪಣೆಯ ಪುಟ ಚೀಟಿಯಲ್ಲಿ ಬರೆದು ಕಳಿಸಿದರು. ಎರಡೇ ಶಬ್ದ: 'ನನ್ನ ತಾಈಗೆ'.

ನಾನು ಹಾಗೆಯೇ ಜೋಡಿಸಿದೆ. ಕಾಕಾ ಕಿಂಡಿ ಇಟ್ಟರು. ಕನ್ನಡ ಪುಸ್ತಕ, ಕೈಯಲ್ಲಿ ಕೆಂಪು ಪೆನ್ಸಿಲ್ಲು. 'ಈ' ಮೇಲೆ ಗೆರೆ ಎಳೆದು ಅಂಚಿನಲ್ಲಿ 'ಯಿ' ಬರೆದರು. ಮಾಸ್ತರರ ಕೈತಪ್ಪು ಎಂದುಕೊಂಡರು, ಅಷ್ಟೇ. ಮರಾಠಿಯನ್ನು ನೀರು ಕುಡಿದಂತೆ ಓದುವ ಮನುಷ್ಯನಿಗೆ ಆ ಗಳಿಗೆಯಲ್ಲಿ ನೀಲಿ ಪೆನ್ಸಿಲ್ಲು ನೆನಪಾಗಲಿಲ್ಲ. ನಾನೂ ಏನೂ ಕೇಳದೆ ಅಕ್ಷರ ಬದಲಿಸಿದೆ. 'ನನ್ನ ತಾಯಿಗೆ' ಎಂದು ಅಚ್ಚಾಯಿತು. ಸಾಕಿದ ಅಕ್ಕನಿಗೆ ಕೊಟ್ಟ ಪುಸ್ತಕ, ಮುಖವನ್ನೇ ನೋಡದ ತಾಯಿಗೆ ಹೋಯಿತು.

ಮಾಸ್ತರರು ಪ್ರೆಸ್ಸಿಗೆ ಬಂದು ಕೂಗಾಡಲಿಲ್ಲ. ಕೂಗಾಡಿದ್ದರೆ ಚೊಲೋ ಇತ್ತು. ಪುಸ್ತಕದ ಮೊದಲ ಪ್ರತಿ ಕಾಕಾನ ಟೇಬಲ್ಲಿನ ಮೇಲಿಟ್ಟು ಆ ಪುಟ ತೆರೆದು, "ಕಾಕಾ, ನನ್ನ ತಾಈನ ಅಳಿಸಿಬಿಟ್ರಿ" ಎಂದು ಹೊರಟುಹೋದರು. ಮಾಲೀಕರು ಆ ಹಾಳೆ ಬದಲಿಸಿ ಕೊಡುತ್ತೇವೆ ಎಂದು ಹೇಳಿ ಕಳಿಸಿದರು. ಆದರೆ ಅಷ್ಟರಲ್ಲಿ ಬಿಡುಗಡೆಯಾಗಿ ಪ್ರತಿಗಳು ಹಂಚಿಹೋಗಿದ್ದವು. ಎರಡು ವರ್ಷದಲ್ಲಿ ಮಾಸ್ತರರೂ ತೀರಿಕೊಂಡರು. ಕಾಕಾ ಅವರ ಹತ್ತಿರ ಕ್ಷಮೆ ಕೇಳುವುದು ಹಾಗೇ ಉಳಿಯಿತು.

ಅಂದಿನಿಂದ ಅವರು ಆ ಪುಸ್ತಕದ ಬೆನ್ನು ಹತ್ತಿದರು. ಅಥಣಿಯ ವಾಚನಾಲಯ, ಅಂಕಲಿಯ ಗೆಳೆಯನ ಮನೆ, ಯಾವುದೋ ಹೈಸ್ಕೂಲಿನ ಕಪಾಟು, ಎಲ್ಲಿ ಕಂಡರೂ ಪುಸ್ತಕ ತೆರೆದು ಆ ಪುಟದಲ್ಲಿ ತಿದ್ದುವರು. 'ಯಿ' ಹೊಡೆದು, ಅಂಚಿನಲ್ಲಿ 'ಈ'. ಈಗ ನೀಲಿ ಪೆನ್ಸಿಲ್ಲಿನಲ್ಲಿ. ಎಷ್ಟೋ ಪ್ರತಿ ತಿದ್ದಿದರು. ಐನಾಪುರಕ್ಕೆ ಮಾತ್ರ ಕಾಲಿಡಲಿಲ್ಲ. "ಆ ಮನಿಯಾಗೂ ಒಂದು ಪ್ರತಿ ಇರತೈತ್ರಿ ಕಾಕಾ" ಎಂದು ನಾನು ಒಮ್ಮೆ ಹೇಳಿದೆ. "ಆ ತಾಈ ಮುಂದ ನಾ ಯಾವ ಮಾರಿ ತಗೊಂಡ ಹೋಗಲಿ" ಎಂದರು. ಆಮೇಲೆ ನಾನು ಆ ಮಾತು ತೆಗೆಯಲಿಲ್ಲ.

ಹೀಗೆ ಕಾಗದದ ಮೇಲೆ ಬಿದ್ದದ್ದು ಹೋಗುವುದೇ ಇಲ್ಲ ಎಂಬುದನ್ನು ಅನುಭವಿಸಿ ತಿಳಿದ ಮನುಷ್ಯ, ವಿಚಿತ್ರವೆಂದರೆ, ಅದೇ ಕಾರಣಕ್ಕೆ ಕಾಗದವನ್ನು ಹೊಗಳುತ್ತಿದ್ದರು. ಅವರು ನಿವೃತ್ತರಾದ ವರ್ಷ ಮಗಳು ಮಿರಜಿನ ಬ್ಯಾಂಕಿನಲ್ಲಿ ನೌಕರಿಗೆ ಸೇರಿ, ಅಪ್ಪನಿಗೆಂದು ಪುಸ್ತಕ ಓದುವ ಒಂದು ಯಂತ್ರ ತಂದಳು. ಅಂಗೈಗಿಂತ ಸ್ವಲ್ಪ ದೊಡ್ಡದು, ಬೂದು ಪರದೆ, ಕರಿ ಚೌಕಟ್ಟು. ಕಾಕಾ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಒಂದೇ ಮಾತಿನಲ್ಲಿ ನಾಮಕರಣ ಮಾಡಿದರು: "ಪಾಟಿ." ನಾವೆಲ್ಲ ಚೀಲದಲ್ಲಿ ಹಾಕಿಕೊಂಡು ಒಂದನೇ ಕ್ಲಾಸಿಗೆ ಹೋದ ಕಪ್ಪು ಕಲ್ಲಿನ ಪಾಟಿ. "ಪಾಟಿ ಮ್ಯಾಲಿಂದು ಒರಸಿದ್ರ ಹೋಕ್ಕೈತಿ. ಒರಸಾಕ ಬರೂದು ಪುಸ್ತಕ ಹೆಂಗಾದೀತು?"

ಮಗಳ ಸಮಾಧಾನಕ್ಕೆ ಎರಡು ದಿನ ಪ್ರಯತ್ನ ಮಾಡಿದರು. ಐವತ್ತು ವರ್ಷದ ಚಾಳಿಯಂತೆ ನಾಲಿಗೆಗೆ ಬೆರಳು ತಾಗಿಸಿ ಪುಟ ತಿರುವಿದರು. ಒದ್ದೆ ಬೆರಳಿಗೆ ಪಾಟಿ ಒಮ್ಮೆ ಮೂರು ಪುಟ ಹಾರುತ್ತಿತ್ತು, ಒಮ್ಮೆ ಕದಲುತ್ತಲೇ ಇರಲಿಲ್ಲ. ಮರಾಠಿ ಹೇಗೋ ಸರಿಯಾಗಿ ಕಂಡಿತು. ಕನ್ನಡ ಹಾಕಿದರೆ ಅನಾಹುತ. ಒತ್ತಕ್ಷರಗಳೆಲ್ಲ ಬಿಡಿ ಬಿಡಿಯಾಗಿ ಬಿದ್ದಿದ್ದವು, ಕೊಂಬು ಒಂದು ಕಡೆ, ದೀರ್ಘ ಇನ್ನೊಂದು ಕಡೆ. ಅಷ್ಟರಲ್ಲಿ ನಾನು ಪ್ರೆಸ್ ಬಿಟ್ಟು ಚಿಕ್ಕೋಡಿಯಲ್ಲಿ ಹಾಕಿದ್ದ ಅಂಗಡಿಗೆ ಬಂದು ಪಾಟಿಯನ್ನು ಟೇಬಲ್ಲಿನ ಮೇಲಿಟ್ಟು, "ನೋಡ ಇಲ್ಲೆ. ಕೈಕಾಲು ಮುರದ ಅಕ್ಷರ. ಇದನ್ನ ಓದಾಕ ನಾ ಏನ್ ದವಾಖಾನಿ ಇಟ್ಟೀನೇನು?" ಎಂದರು. "ಮತ್ತ ತಪ್ಪು ಕಂಡ್ರ ಗುರುತ ಹಾಕಾಕ ಅಂಚೂ ಇಲ್ಲ, ಪೆನ್ಸಿಲ್ಲೂ ಹತ್ತೂದಿಲ್ಲ. ಓದೂದಾದ್ರೂ ಯಾಕ?" ಪಾಟಿ ಅವರ ಮನೆಯ ಕಪಾಟಿನ ಮೇಲೆ ಹೋಯಿತು. ಕಾಕು ಅದರ ಮೇಲೆ ಊದುಬತ್ತಿಯ ಡಬ್ಬಿ ಇಡತೊಡಗಿದಳು.

ಒಂದು ವರ್ಷ ಕಳೆಯಿತು. ಒಂದು ದಿನ ಕಾಕಾ ನನ್ನ ಅಂಗಡಿಯಲ್ಲಿ ಕೂತು ಎಂದಿನಂತೆ ನನ್ನ ಕೆಲಸದ ಪ್ರೂಫ್ ನೋಡುತ್ತಿದ್ದರು. ಕಿಂಡಿ ಒಂದೇ ಸಾಲಿನ ಮೇಲೆ ಬಹಳ ಹೊತ್ತು ನಿಂತಿತ್ತು. ಆಮೇಲೆ ಹಾಳೆ ತಿರುಗಿ ಕೊಟ್ಟರು. ಒಂದು ಗುರುತೂ ಇರಲಿಲ್ಲ. ನಾನು ಬೇಕೆಂದೇ ಅದರಲ್ಲಿ ಎರಡು ತಪ್ಪು ಬಿಟ್ಟಿದ್ದೆ, ಅವರಿಗೆ ಸಿಗಲಿ ಎಂದು. ಕೇಳಿದ್ದಕ್ಕೆ, "ಅಕ್ಷರದ ನಡುವ ಹೊಗಿ ತುಂಬಿದಂಗ ಆಗೈತಿ" ಎಂದರು. ಮಗಳು ಮಿರಜಿಗೆ ಕರೆದೊಯ್ದು ಕಣ್ಣು ತೋರಿಸಿದಳು. ಸಕ್ಕರೆ ಕಾಯಿಲೆ ಕಣ್ಣಿನ ಪರದೆಯ ನಡುಭಾಗವನ್ನು ತಿಂದಿತ್ತು. ನಡುವಿನ ನೋಟ ಹೋಗಿದೆ, ಅಂಚಿನ ನೋಟ ಉಳಿದಿದೆ, ಅಕ್ಷರ ಬಹಳ ದೊಡ್ಡದಾಗಿದ್ದರೆ ಕಂಡೀತು ಎಂದರಂತೆ ಡಾಕ್ಟರು. ಊರಿಗೆ ಬಂದು ಕಾಕಾ ಅದನ್ನೂ ತಮಾಷೆ ಮಾಡಿದರು. "ಅಂಚು ಉಳಿದ್ರ ಸಾಕು. ನನ್ನ ಕೆಲಸೆಲ್ಲಾ ಅಂಚಿನ್ಯಾಗ ಇತ್ತು."

ಆದರೆ ಆ ತಮಾಷೆ ಒಂದು ವಾರಕ್ಕೇ ಮುಗಿಯಿತು. ಎರಡು ಖೋಲಿ ಪುಸ್ತಕದ ನಡುವೆ ಸುಮ್ಮನೆ ಕೂತಿರುತ್ತಿದ್ದರು. ಒಂದನ್ನು ತೆಗೆಯುವರು, ಮೂಸುವರು, ಮುಚ್ಚಿಡುವರು. ಯಾರಾದರೂ ಪುಸ್ತಕ ತಿರುಗಿ ಕೊಡಲು ಬಂದರೆ 'ಎಷ್ಟು ಸಿಕ್ಕುವು' ಎಂದು ಕೇಳುವುದನ್ನೂ ಬಿಟ್ಟರು. "ದೊಡ್ಡ ಅಕ್ಷರದ ಪುಸ್ತಕ ಯಾರೂ ಮಾಡೂದಿಲ್ಲೇನ ಬೇ?" ಎಂದು ಕಾಕು ನನ್ನನ್ನು ಕೇಳಿದಳು. ಅವಳ ದನಿಯಲ್ಲಿ ಆಗ ಗಂಡನನ್ನು ಛೇಡಿಸುವ ಕಾಕು ಇರಲಿಲ್ಲ.

ಉತ್ತರ ಅವಳ ಊದುಬತ್ತಿ ಡಬ್ಬಿಯ ಕೆಳಗೇ ಇತ್ತು. ಮನೆಗೆ ಹೋಗುವ ದಾರಿಯಲ್ಲಿ ನನ್ನ ಕಸುಬಿನ ಬುದ್ಧಿ ಓಡಿತು. ಪಾಟಿಗೆ ಕನ್ನಡ ಜೋಡಿಸಲು ಬರುವುದಿಲ್ಲ, ಸರಿ. ಜೋಡಿಸುವ ಕೆಲಸ ಅದಕ್ಕೆ ಯಾಕೆ ಬಿಡಬೇಕು? ಹತ್ತು ವರ್ಷದಿಂದ ನಾನೇ ಜೋಡಿಸುತ್ತಿದ್ದೇನೆ. ಆ ಪರದೆಯ ಅಳತೆಗೆ ಸರಿಯಾಗಿ ಪುಟ ಮಾಡಿ, ಬೋರೆಹಣ್ಣಿನಷ್ಟು ದಪ್ಪ ಅಕ್ಷರದಲ್ಲಿ ನಾನೇ ಕೂಡಿಸಿ, ಅಚ್ಚಿಗೆ ಕಳಿಸುವಂತೆ ಪಿಡಿಎಫ್ ಮಾಡಿ ಹಾಕಿದರೆ ಪಾಟಿ ಅದನ್ನು ಬರೀ ತೋರಿಸಿದರಾಯಿತು. ನಿಪ್ಪಾಣಿಯ ಪ್ರೆಸ್ಸಿನಿಂದ ಬರುವಾಗ ನಾನು ಜೋಡಿಸಿದ ಕೆಲವು ಪುಸ್ತಕಗಳ ಸಿಡಿ ತಂದಿದ್ದೆ. ಹೆಚ್ಚಿನವು ಗೀರು ಬಿದ್ದು ಕೆಟ್ಟಿದ್ದವು. ತೆರೆದದ್ದು ಒಂದೇ, ಐನಾಪುರದ ಮಾಸ್ತರರದು. ಅಕ್ಷರ ದೊಡ್ಡದು ಮಾಡಿ ಒಳಗಿನ ಪುಟಗಳನ್ನು ಸರಿಪಡಿಸುವ ಭರದಲ್ಲಿ ಮೊದಲ ಪುಟದಲ್ಲಿ ಏನಿದೆ ಎಂಬುದನ್ನು ನಾನು ಮರೆತೆ. ಖರೆ ಹೇಳುತ್ತೇನೆ, ಮರೆತೇಬಿಟ್ಟೆ.

ಕಾಕಾ ಮೊದಲು ಕೈಗೇ ತೆಗೆದುಕೊಳ್ಳಲಿಲ್ಲ. "ಆ ಮುರಕ ಪಾಟಿ ಏನವಾ" ಎಂದರು. ನಾನು ಬಿಡಲಿಲ್ಲ. ಕೊನೆಗೆ ಕಪಾಟಿನಿಂದ ಅದೇ ಪುಸ್ತಕದ ಕಾಗದದ ಪ್ರತಿ ತೆಗೆಸಿ ತೊಡೆಯ ಮೇಲೆ ಇಟ್ಟುಕೊಂಡರು, ಅದರ ಮೇಲೆ ಪಾಟಿ ಇಟ್ಟುಕೊಂಡರು. ಕೈಗೆ ಕಾಗದ ಬೇಕೇ ಬೇಕು. ಕೋಳಿ ಕಾಳು ನೋಡುವಂತೆ ಕತ್ತು ವಾರೆ ಮಾಡಿ, ಕಣ್ಣಿನ ಅಂಚಿನಿಂದ ನೋಡಿದರು.

"ನ," ಎಂದರು. "ನ್ನ. ಒತ್ತು ಐತಿ. ಒತ್ತು ತನ್ನ ಜಾಗಾದಾಗ ಐತಿ." ಕಾಕು ಒಲೆಯ ಮೇಲಿನ ಹಾಲು ಬಿಟ್ಟು ಬಂದು ನಿಂತಳು. ತಿಂಗಳುಗಟ್ಟಲೆ ಆಗಿತ್ತು ಅವರ ಬಾಯಲ್ಲಿ ಅಕ್ಷರ ಕೇಳಿ. ಅವರ ಬೆರಳು ಮುಂದೆ ಸರಿಯಿತು. "ತಾ. ಯಿ. ಗೆ."

ಅಲ್ಲಿಗೆ ನಿಂತುಬಿಟ್ಟರು. ನನಗೆ ಆಗ ನೆನಪಾಯಿತು. ನೆಲ ಬಿರಿದು ನುಂಗಿದ್ದರೂ ಚೊಲೋ ಇತ್ತು ಅನ್ನಿಸಿತು.

"ನನ್ನ ತಪ್ಪು ಇಷ್ಟ ದೊಡ್ಡದಾಗಿ ನಾ ಎಂದೂ ನೋಡಿರಲಿಲ್ಲವಾ," ಎಂದರು ಕಾಕಾ. ಸಿಟ್ಟಿಲ್ಲದ ದನಿ. ಪೆನ್ಸಿಲ್ಲಿಗೆಂದು ಕೈ ಜೇಬಿಗೆ ಹೋಯಿತು, ಪರದೆ ನೆನಪಾಗಿ ತಿರುಗಿ ಬಂತು. "ಇದರಾಗ ತಿದ್ದಾಕೂ ಬರೂದಿಲ್ಲ."

"ಬರತೈತ್ರಿ" ಎಂದೆ. "ನಾಳೆ ಮುಂಜಾನಿ ತನಕ ಕೊಡ್ರಿ."

ಅಂಗಡಿಗೆ ಒಯ್ದು ಒಂದು ಅಕ್ಷರ ಬದಲಿಸಿದೆ. ಹತ್ತು ವರ್ಷದ ಹಿಂದೆ ಅದೇ ಅಕ್ಷರ ಬದಲಿಸಲು ಎಷ್ಟು ಹೊತ್ತು ಹಿಡಿದಿತ್ತೋ ಅಷ್ಟೇ ಹೊತ್ತು ಹಿಡಿಯಿತು. ಮರುದಿನ ಮುಂಜಾನೆ ಮತ್ತೆ ಅದೇ ಆಸನ, ತೊಡೆಯ ಮೇಲೆ ಪುಸ್ತಕ, ಪುಸ್ತಕದ ಮೇಲೆ ಪಾಟಿ, ವಾರೆ ಕತ್ತು. 'ನನ್ನ ತಾಈಗೆ' ಎಂದು ಓದಿದರು. ಇನ್ನೊಮ್ಮೆ ಓದಿದರು.

"ಹಳೇದು ಎಲ್ಲಿ ಹೋತು?"

"ಒರಸೀನ್ರಿ."

"ಗುರುತ ಇಲ್ಲದಂಗ?"

"ಗುರುತ ಇಲ್ಲದಂಗ. ಈ ಫೈಲ್ ಯಾರಿಗೆ ಕಳಸಿದ್ರೂ ಇನ್ನ ಹಿಂಗ ಇರತೈತ್ರಿ."

ಅವರು ಪರದೆ ಸವರಿದರು. ಆಮೇಲೆ ಹೇಳಿದ ಮಾತು ನನಗೆ ಅಕ್ಷರ ಬಿಡದೆ ನೆನಪಿದೆ. "ನಾ ಇದಕ್ಕ ಬೈದು ಪಾಟಿ ಅಂದಿದ್ದೆ. ಅಲ್ಲವಾ, ನಾವು ತಿದ್ದಿದ್ದಾದ್ರೂ ಎಲ್ಲಿ? ಪಾಟಿ ಮ್ಯಾಲ ತಿದ್ದಿ ತಿದ್ದಿ ಅಕ್ಷರ ಕಲತೀವಿ. ಒರಸಾಕ ಬರತಿತ್ತು, ಅದಕ್ಕ ಕಲತೀವಿ." ಅಕ್ಷರ ಕಲಿಯುವುದಕ್ಕೂ ತಪ್ಪು ಸರಿಪಡಿಸುವುದಕ್ಕೂ ನಮ್ಮ ಭಾಷೆಯಲ್ಲಿ ಒಂದೇ ಶಬ್ದ. ಮೂವತ್ತು ವರ್ಷ ಆ ಶಬ್ದದಿಂದಲೇ ಅನ್ನ ತಿಂದವರಿಗೆ ಅದು ಅಂದು ಹೊಳೆಯಿತು.

ಅಂದಿನಿಂದ ಅವರು ಪಾಟಿಯ ದೊಡ್ಡ ವಕೀಲರಾದರು. ಒಂದು ಪರದೆಯಲ್ಲಿ ಮೂರೇ ಸಾಲು ಕಾಣುವುದನ್ನು ನೋಡಿ, "ಇದು ನನ್ನ ಕಿಂಡೀನ ಅಲ್ಲೇನು" ಎಂದು ಹಿಗ್ಗಿದರು. ಕರೆಂಟು ಹೋದಾಗ ನೆರೆಯವರಿಗೆ ಕೂಗಿ, "ನನ್ನ ಪಾಟಿಗೆ ಒಮ್ಮೆ ಕರೆಂಟ್ ಕುಡಿಸಿದ್ರ ವಾರಗಟ್ಟಲೆ ನಡೀತೈತಿ" ಎಂದು ಹೇಳುವರು. ಹಾಗೆಂದು ಪುಸ್ತಕಗಳನ್ನು ಬಿಟ್ಟುಕೊಡಲಿಲ್ಲ. ಮೂಸಲು ಬರುವುದಿಲ್ಲ, ಕಡಾ ಕೊಡಲು ಬರುವುದಿಲ್ಲ ಎಂಬ ತಕರಾರು ಕೊನೆಯವರೆಗೂ ಇತ್ತು. ಆದರೆ ಅದು ಮನೆಯವರ ಮೇಲೆ ಮಾಡುವ ತಕರಾರಿನಂತಿತ್ತು. ಕಾಕುವಿನ ಊದುಬತ್ತಿ ಡಬ್ಬಿಗೆ ಬೇರೆ ಜಾಗ ಸಿಕ್ಕಿತು.

ಆದರೆ ಅವೆಲ್ಲ ಆಮೇಲಿನ ಮಾತು. ಅಂದು ಮುಂಜಾನೆ ಅವರು ಎದ್ದು ನಿಂತು ಅಂಗಿ ಹಾಕಿಕೊಂಡರು. "ನಡಿ," ಎಂದರು. "ಐನಾಪುರಕ್ಕ ಹೋಗೂಣು."

ಅಂಕಲಿ ದಾಟಿ, ಕೃಷ್ಣೆಯ ಸೇತುವೆ ದಾಟಿ, ಕಾಗವಾಡದಲ್ಲಿ ಬಸ್ಸು ಬದಲಿಸಿ ಹೋದೆವು. ಕಾಕಾ ಪಾಟಿಯನ್ನು ಹೆಗಲ ಮೇಲಿನ ವಲ್ಲಿಯಲ್ಲಿ ಸುತ್ತಿ ಎದೆಗೆ ಹಿಡಿದಿದ್ದರು. ಮಾಸ್ತರರ ಮನೆಯವರೆಲ್ಲ ಕಬ್ಬಿನ ಹೊಲಕ್ಕೆ ಹೋಗಿದ್ದರು. ತಾಈ ಒಬ್ಬಳೇ ಕಟ್ಟೆಯ ಮೇಲೆ ಕೂತಿದ್ದಳು. ಎಂಬತ್ತರ ಮೇಲಿನ ವಯಸ್ಸು, ಸಣ್ಣ ಆಳು, ನೆಟ್ಟಗಿನ ಬೆನ್ನು. ಬೆರಳುಗಳು ಸುಮ್ಮನಿದ್ದಾಗಲೂ ಬೀಡಿ ಸುತ್ತುವಂತೆ ತಮ್ಮಷ್ಟಕ್ಕೆ ಆಡುತ್ತಿದ್ದವು. "ಯಾ, ಬಸಾ" ಎಂದು ಮರಾಠಿಯಲ್ಲಿ ಕರೆದು ಕೂರಿಸಿದಳು. ಒಳಗೆ ಗೋಡೆಯ ಮೇಲೆ ಬುದ್ಧನ ಫೋಟೋ, ಅದರ ಕೆಳಗೆ ಹಲಗೆಯ ಮೇಲೆ ಬಿಳಿ ಬಟ್ಟೆಯಲ್ಲಿ ಸುತ್ತಿದ ಏನೋ ಒಂದು.

"ತಾಈ, ನಾ ನಿಪ್ಪಾಣಿ ಪ್ರೆಸ್ಸಿನ್ಯಾಗ ಪ್ರೂಫ್ ನೋಡಾಂವ" ಎಂದರು ಕಾಕಾ.

"ಗೊತ್ತೈತ್ರಿ ಅಣ್ಣಾರ. ತಮ್ಮ ಹೇಳತಿದ್ದ. ಭಾಳ ಹುಷಾರ ಮನಷ್ಯಾ, ಬರೇ ಕಣ್ಣ ಅದಾವು, ಕಿವಿ ಇಲ್ಲ ಅಂತಿದ್ದ."

ಕಾಕಾಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ. ಕಾಕಾ ಪಾಟಿ ತೆರೆದು ಆ ಪುಟ ತೋರಿಸಿ, ಆದದ್ದನ್ನೆಲ್ಲ ಹೇಳಿದರು. ಬಿಡದೆ, ಮುಚ್ಚದೆ, ಕೆಂಪು ಪೆನ್ಸಿಲ್ಲಿನಿಂದ ಹಿಡಿದು ಎಲ್ಲ. ತಾಈ ಕೇಳುತ್ತಲೇ ಇದ್ದಳು.

"ನನಗ ಓದಾಕ ಬರೂದಿಲ್ರಿ" ಎಂದಳು ಕೊನೆಗೆ. "ಸ್ಟೇಜಿನ ಮ್ಯಾಲ ನಿಂತು ತಮ್ಮ ಓದಿದ, 'ನನ್ನ ತಾಈಗೆ' ಅಂತ. ಅವಾ ಹೋದಮ್ಯಾಲ ಓಣ್ಯಾನ ಹುಡುಗ್ಯಾರು ಓದಿ ತೋರಿಸ್ಯಾರ. ಅವರೂ ಹಂಗ ಓದ್ಯಾರ. ನೀವು ಹೇಳೂ ಆ ಎರಡರಾಗ, ಕಿವಿಗೆ ಎಲ್ಲಿ ಫರಕ್ ಐತ್ರಿ?"

ಕಾಕಾ ತಾಯಿಗೆ, ತಾಈಗೆ ಎಂದು ಎರಡೂ ಶಬ್ದಗಳನ್ನು ಬಾಯಲ್ಲೇ ಅಂದು ನೋಡಿಕೊಂಡರು. ಮೂವತ್ತು ವರ್ಷ ಕಿಂಡಿಯಲ್ಲಿ ಕಣ್ಣಿಟ್ಟ ಮನುಷ್ಯ ಅದೇ ಮೊದಲ ಸಲ ಒಂದು ಶಬ್ದವನ್ನು ಕೇಳಿಸಿಕೊಂಡದ್ದು ಅನ್ನಿಸಿತು ನನಗೆ. ಹತ್ತು ವರ್ಷ ಅವರು ಹೊತ್ತ ಭಾರ ಈ ಮನೆಯ ಹೊಸ್ತಿಲು ದಾಟಿಯೇ ಇರಲಿಲ್ಲ. ಮಾಸ್ತರರು ದಾಟಲು ಬಿಟ್ಟಿರಲಿಲ್ಲ.

"ಆದ್ರೂ ತಪ್ಪು ತಪ್ಪರೀ" ಎಂದರು ಕಾಕಾ.

"ತಪ್ಪಿದ್ರ ತಿದ್ದ್ರಿ ಮತ್ತ" ಎಂದು ತಾಈ ಎದ್ದು ಹೋಗಿ, ಹಲಗೆಯ ಮೇಲಿನ ಗಂಟು ತಂದು ಬಿಚ್ಚಿದಳು. ಪುಸ್ತಕ. ಓದಲು ಬಾರದವಳು ನೇರವಾಗಿ ಆ ಪುಟ ತೆರೆದು ಆ ಶಬ್ದದ ಕೆಳಗೆ ಬೆರಳಿಟ್ಟಳು. "ಅವಾ ತೋರಿಸಿದ್ದ. ಇಲ್ಲೆ ಅದಿ ನೀ ಅಂತ." ಬೆರಳು ಆಡಿ ಆಡಿ ಅಲ್ಲಿ ಕಾಗದ ಹೊಳಪಾಗಿತ್ತು, ಶಾಯಿ ಮಾಸಿತ್ತು.

ಕಾಕಾ ಕಾಲುಚೀಲದಿಂದ ನೀಲಿ ಪೆನ್ಸಿಲ್ಲು ತೆಗೆದರು. ಕಾಗದದ ಮೇಲಿನ ಅಕ್ಷರ ಅವರಿಗೆ ಕಾಣುವಂತಿರಲಿಲ್ಲ. ತಾಈಯ ಬೆರಳು ಹಿಡಿದು, ಅದರ ಪಕ್ಕದಲ್ಲಿ ಗೆರೆ ಎಳೆದರು. ಅಂಚಿನಲ್ಲಿ 'ಈ' ಬರೆದರು. ಅಕ್ಷರ ಸ್ವಲ್ಪ ಮೇಲೆ ಹೋಯಿತು, ಸ್ವಲ್ಪ ದೊಡ್ಡದಾಯಿತು, ಪಾಟಿಯ ಮೇಲಿನ ಅಕ್ಷರದಂತೆ.

"ಸರಿ ಆತೇನ್ರಿ?" ಎಂದು ಕೇಳಿದಳು ತಾಈ.

"ಸರಿ ಆತ್ರಿ."

ಅವಳು ಪುಸ್ತಕ ಮುಚ್ಚಿ ಬಟ್ಟೆ ಸುತ್ತಿ ತಿರುಗಿ ಬುದ್ಧನ ಕೆಳಗೆ ಇಟ್ಟು, ಚಹಾ ಮಾಡಲು ಹೋದಳು.

ಸಂಜೆಯ ಬಸ್ಸಿನಲ್ಲಿ ಕಾಕಾಗೆ ಕಿಟಕಿಯ ಪಕ್ಕ ಸೀಟು ಸಿಕ್ಕಿತು. "ಐದನೂರ ಪ್ರತಿ ತಿದ್ದಬೇಕಂತ ತಿರಗೀನಿ" ಎಂದರು. "ತಿದ್ದಬೇಕಾದದ್ದು ಅದೊಂದ ಇತ್ತವಾ." ನಾಚಿಕೊಂಡವರಂತೆ ಮತ್ತೆ ಹೇಳಿದರು. "ಖರೆ ಹೇಳಬೇಕಂದ್ರ ಈ ಪುಸ್ತಕ ನಾ ಓದೇ ಇಲ್ಲ. ಬರೇ ಪ್ರೂಫ್ ನೋಡೀನಿ."

ವಲ್ಲಿ ಬಿಚ್ಚಿ ಪಾಟಿ ತೆಗೆದರು. ಕತ್ತು ವಾರೆ ಮಾಡಿ ಮೊದಲ ಪುಟದಿಂದ ಶುರು ಮಾಡಿದರು. ಬೆರಳು ನಾಲಿಗೆಗೆ ಹೋಗುವುದನ್ನು ನಡುವೆಯೇ ತಡೆದು, ಒಣ ಬೆರಳಿನಿಂದ ಪುಟ ಸರಿಸುತ್ತಿದ್ದರು. ಕಾಗವಾಡ ಬಂತು, ಬಸ್ಸು ಬದಲಿಸಿದೆವು, ಮತ್ತೆ ತೆರೆದರು. ಒಂದು ಕಡೆ ನಕ್ಕರು. ಒಂದು ಕಡೆ ಬಹಳ ಹೊತ್ತು ನಿಂತು ಮೂಗು ಒರೆಸಿಕೊಂಡರು. ಅಂಕಲಿ ಸೇತುವೆಯ ಮೇಲೆ ಬಂದಾಗ ನನಗೆ ಹಳೆಯ ಸೇಡು ನೆನಪಾಗಿ ಛೇಡಿಸಿದೆ.

"ಎಷ್ಟು ಸಿಕ್ಕುವ್ರಿ ಕಾಕಾ?"

"ಸುಮ್ನಿರ," ಎಂದರು ಅವರು, ತಲೆ ಎತ್ತದೆ. "ಓದಾಕತ್ತೀನಿ."